ಕೆಂಪು ಉಂಗುರದ ಮಣಿ

ಚನ್ನಪಟ್ಟಣ
8 ಜುಲೈ 2024

ಪ್ರೀತಿಯ ಶ್ವೇತ,

ಈ ಸಲದ ಮಣಿಗಳು ಡಬ್ಬಿಯಲ್ಲಿವೆ. ಎಲ್ಲವೂ ಹಾಲೆ ಮರದವು, ಒಳಗೆ ಪೊಳ್ಳು. ನೀನು ಕೊಟ್ಟ ಕಪ್ಪು ನೀರನ್ನು ಒಂದೊಂದಕ್ಕೂ ಒಂದೊಂದು ತೊಟ್ಟು ಬಿಟ್ಟು, ಬಾಯಿಗೆ ಅರಗು ತುಂಬಿ ಮುಚ್ಚಿದ್ದೇನೆ. ತುಂಬಿದ ಮಣಿ ಖಾಲಿ ಮಣಿಯ ಜೊತೆ ಬೆರೆಯಬಾರದು ಎಂದು ನೀನು ತಲೆ ತಿಂದಿದ್ದಕ್ಕೆ ಪ್ರತಿಯೊಂದಕ್ಕೂ ಕೆಂಪು ಉಂಗುರ ಎಳೆದಿದ್ದೇನೆ. ಬೆಳಿಗ್ಗೆ ನೀನು ನಿಮ್ಮ ಆಸ್ಪತ್ರೆಯ ಯಂತ್ರದೊಳಗೆ ಒಂದನ್ನು ಇಡುವುದು, ಅರಗು ಕರಗಿ ಕಪ್ಪು ನೀರು ಹೊರಗೆ ಬಂದರೆ ಯಂತ್ರ ಸರಿಯಿದೆ ಎಂದು ತಿಳಿಯುವುದು, ಮಣಿಯನ್ನು ಕಸಕ್ಕೆ ಎಸೆಯುವುದು. ನಾನು ಕೇದಗೆ ಗರಿಯಲ್ಲಿ ಉಜ್ಜಿ ಉಜ್ಜಿ ಹೊಳಪು ಕೊಟ್ಟದ್ದಕ್ಕೆ ಇಷ್ಟೇ ಮರ್ಯಾದೆ. ಹಾಳಾಗಲೆಂದೇ ಸಾಮಾನು ಮಾಡುವವಳು ಇಡೀ ಚನ್ನಪಟ್ಟಣದಲ್ಲಿ ನಾನೊಬ್ಬಳೇ ಇರಬೇಕು.

ಫೋನ್ ಮಾಡಿದರೆ ನೀನು ಎತ್ತುವುದಿಲ್ಲ, ಯಂತ್ರದ ಕೋಣೆಗೆ ಫೋನ್ ಒಯ್ಯುವಂತಿಲ್ಲ ಅನ್ನುತ್ತೀಯ. ನೀನು ಮಾಡಿದಾಗ ನನ್ನ ಕೈಯೆಲ್ಲ ಅರಗು. ಅದಕ್ಕೇ ಡಬ್ಬಿಯೊಳಗೆ ಈ ಕಾಗದ. ಹೈಸ್ಕೂಲಿನಲ್ಲಿದ್ದಾಗ ರಜೆಗೆ ನಿಮ್ಮೂರು ಉಯ್ಯಂಬಳ್ಳಿಗೆ ಹೋದರೆ ನೀನು ಅಲ್ಲಿಂದ ಬರೆಯುತ್ತಿದ್ದೆಯಲ್ಲ, ಹಾಗೆ.

ಒಂದು ಕೆಟ್ಟ ಸುದ್ದಿ. ಅಮ್ಮಿಯ ಕತ್ತಿನ ಗಡ್ಡೆ ಮತ್ತೆ ಬಂದಿದೆ. ದೊಡ್ಡಾಸ್ಪತ್ರೆಯವರು ಈ ತಿಂಗಳ ಕೊನೆಗೆ ಆಪರೇಷನ್ನಿಗೆ ದಿನ ಕೊಟ್ಟಿದ್ದಾರೆ. ಹೋದ ಸಲದ ಆಪರೇಷನ್ ಆದ ಮೇಲೆ ಅವಳ ಬಾಯಿ ಒಂದು ಕಡೆಗೆ ಎಳೆದುಕೊಂಡಿದೆ, ಈ ಸಲ ಭುಜ ಎತ್ತಲೂ ಆಗದೆ ಹೋಗಬಹುದಂತೆ. ಅಮ್ಮಿ ಗೋಡೆ ಕಡೆ ತಿರುಗಿ ಮಲಗಿಬಿಟ್ಟಿದ್ದಾಳೆ. ನಿಮ್ಮಲ್ಲಿ ಕತ್ತಿನ ಗಡ್ಡೆಗೇ ಏನೋ ಹೊಸ ಚಿಕಿತ್ಸೆ ನಡೆಯುತ್ತಿದೆ ಅಂದಿದ್ದೆ. ಅದು ಅಮ್ಮಿಗೆ ಆಗುತ್ತದಾ? ನನಗೆ ಬೇರೆ ಯಾರನ್ನು ಕೇಳಬೇಕೋ ಗೊತ್ತಿಲ್ಲ.

ನಿನ್ನ
ನಿಖಾತ್

*

ಬಿಡದಿ
13 ಜುಲೈ 2024

ಪ್ರೀತಿಯ ನಿಖಾತ್,

ನಿನ್ನ ಕಾಗದ ಓದಿದ ಮೇಲೆ ಮಧ್ಯಾಹ್ನದ ಊಟ ಸೇರಲಿಲ್ಲ. ಕೂಡಲೇ ನಮ್ಮ ಡಾಕ್ಟರನ್ನು ಕೇಳಿದೆ. ಅಮ್ಮಿಯನ್ನು ಸೇರಿಸಿಕೊಳ್ಳಬಹುದು.

ನೀನು ಮಣಿಗೆ ತುಂಬುವ ಆ ಕಪ್ಪು ನೀರು ಕಾಂತದ್ರವ. ಕಣ್ಣಿಗೆ ಕಾಣದಷ್ಟು ನುಣ್ಣನೆಯ ಕಬ್ಬಿಣದ ಪುಡಿ ಅದರಲ್ಲಿ ತಳಕ್ಕಿಳಿಯದೆ ತೇಲಿಕೊಂಡಿರುತ್ತದೆ. ಅಂಥದ್ದನ್ನೇ ಸೂಜಿಯಿಂದ ಗಡ್ಡೆಯೊಳಕ್ಕೆ ಬಿಡುತ್ತಾರೆ. ಆಮೇಲೆ ಕತ್ತಿನ ಸುತ್ತ ದೊಡ್ಡ ಬಳೆಯಂಥ ತಂತಿಯ ಸುರುಳಿ ಬರುತ್ತದೆ. ಅದರಲ್ಲಿ ಕರೆಂಟು ಹರಿದರೆ ಕಾಂತದ ಸೆಳೆತ ಕಣ್ಣು ಮಿಟುಕಿಸುವಷ್ಟರಲ್ಲಿ ಸಾವಿರಾರು ಸಲ ದಿಕ್ಕು ಬದಲಿಸುತ್ತದೆ. ಅದರ ಜೊತೆ ತಿರುಗಲು ಹೆಣಗಿ ಹೆಣಗಿ ಆ ಪುಡಿ ಬಿಸಿಯಾಗುತ್ತದೆ. ಪುಡಿ ಇದ್ದಲ್ಲಿ ಮಾತ್ರ ಬಿಸಿ, ಪಕ್ಕದ ಮಾಂಸಕ್ಕೆ ಏನೂ ಆಗುವುದಿಲ್ಲ. ಜ್ವರಕ್ಕಿಂತ ಒಂದಿಷ್ಟು ಹೆಚ್ಚು, ಅಷ್ಟೇ. ಆ ಬಿಸಿ ತಾಗಿದ ಗಡ್ಡೆ ರೇಡಿಯೇಷನ್ನಿಗೆ ಬೇಗ ಬಗ್ಗುತ್ತದೆ ಅನ್ನುವುದನ್ನು ನಾವು ಪರೀಕ್ಷಿಸುತ್ತಿದ್ದೇವೆ. ನಿನ್ನ ಮಣಿಯಲ್ಲಿರುವುದು ತುಂಬ ದಟ್ಟವಾದ ದ್ರವ, ಅದಕ್ಕೇ ಅರಗು ಕರಗುತ್ತದೆ. ಯಂತ್ರದೊಳಗೆ ಅದು ಚರ್ಮಕ್ಕೆ ತಾಗಿದರೆ ಬೊಬ್ಬೆಯೇ ಬರುತ್ತದೆ. ಕೆಂಪು ಉಂಗುರ ಬೇಕೇಬೇಕು ಎಂದು ನಿನ್ನ ತಲೆ ತಿಂದದ್ದು ಸುಮ್ಮನೆ ಅಲ್ಲ.

ಆಪರೇಷನ್ನಿನ ದಿನವನ್ನು ಸದ್ಯಕ್ಕೆ ಬಿಟ್ಟುಬಿಡಿ. ಇದು ಮುಗಿಯಲಿ, ಆಮೇಲೆ ನೋಡೋಣ. ಮೈಮೇಲೆ ಲೋಹ ಏನೂ ಇರಕೂಡದು. ಬಳೆ, ಹೇರ್‌ಪಿನ್ನು, ಅಮ್ಮಿಯ ಆ ತಗಡಿನ ತಾಯಿತ, ಎಲ್ಲ ಬಿಚ್ಚಿಡಬೇಕು. ಭಾನುವಾರ ನಾನೇ ಬಂದು ಅಮ್ಮಿಗೆ ಎಲ್ಲ ಬಿಡಿಸಿ ಹೇಳುತ್ತೇನೆ.

ಧೈರ್ಯವಾಗಿರು. ನಾನಿದ್ದೇನೆ.

ನಿನ್ನ
ಶ್ವೇತ

*

ಚನ್ನಪಟ್ಟಣ
20 ಆಗಸ್ಟ್ 2024

ಪ್ರೀತಿಯ ಶ್ವೇತ,

ಅಮ್ಮಿ ಈಗ ಬೀದಿಗೆಲ್ಲ ನಿನ್ನ ಕಥೆ ಹೇಳುತ್ತಿದ್ದಾಳೆ. ಅಂದು ನಮ್ಮ ಬಾಗಿಲ ಮೆಟ್ಟಿಲ ಮೇಲೆ ಕೂತು ನೀನು ತಟ್ಟೆಗೆ ಕಪ್ಪು ನೀರು ಹಾಕಿ, ಅಡಿಯಲ್ಲಿ ಅಯಸ್ಕಾಂತ ಹಿಡಿದಾಗ ಆ ನೀರು ಮುಳ್ಳುಹಂದಿಯಂತೆ ಎದ್ದು ನಿಂತಿತಲ್ಲ, ಅದನ್ನು ಕೇಳದವರು ನಮ್ಮ ಬೀದಿಯಲ್ಲಿ ಯಾರೂ ಉಳಿದಿಲ್ಲ. ತಟ್ಟೆಯನ್ನು ತೊಳೆದು ಬೇರೆ ಎತ್ತಿಟ್ಟಿದ್ದಾಳೆ.

ನನಗೆ ನೆನಪಾಗುವುದು ಬೇರೆ ಮಾತು. "ಶಿಫಾರಸು ಗಿಫಾರಸು ಬ್ಯಾಡ ಕಣವ್ವ. ಪರಿಚಯ ಐತೆ ಅಂತ ಬ್ಯಾರೆಯೋರ ಪಾಲು ಕಿತ್ತು ನಂಗೆ ಕೊಡಬ್ಯಾಡ. ಆ ಬಿಸಿ ಎಲ್ಲಾರ್ಗೂ ಕೊಡ್ತೀರಾ?" ಎಂದು ಅಮ್ಮಿ ಕೇಳಿದಳು. ನೀನು "ಹೂಂ ಅಮ್ಮಿ, ಎಲ್ಲಾರ್ಗೂ ಅದೇ" ಅಂದೆ. ಆಮೇಲೇ ಅವಳು ಆಪರೇಷನ್ ಬೇಡ, ಇದಕ್ಕೇ ಹೋಗುತ್ತೇನೆ ಎಂದು ಒಪ್ಪಿದ್ದು. ಸಾಯುವ ಮಾತಿನಲ್ಲೂ ಸಾಲು ತಪ್ಪಿಸಿ ಮುಂದೆ ಹೋಗಲು ಒಪ್ಪದ ಹೆಂಗಸು.

ಮೊದಲ ದಿನ ಹೇಗಿತ್ತು ಎಂದು ಅವಳೇ ಹೇಳಿದಳು. ಗೋಡೆಯೊಳಗೆ ಜೇನು ಕೂತ ಹಾಗೆ ಯಂತ್ರ ಗುಂಯ್ ಅನ್ನುತ್ತಿತ್ತಂತೆ. ನೀನು ಅವಳ ಹಣೆಯ ಮೇಲೆ ಕೈ ಇಟ್ಟೆಯಂತೆ. ತಾಯಿತ ಬಿಚ್ಚಿಸಿದ್ದಕ್ಕೆ ಅವಳು ಮುನಿಸಿಕೊಂಡಿದ್ದು ನಿನಗೆ ಗೊತ್ತಲ್ಲ. ನನ್ನ ತಂಗಿ ಶಬ್ನಮ್ ಅದಕ್ಕೊಂದು ಉಪಾಯ ಮಾಡಿದ್ದಾಳೆ. ಒಂದು ಮರದ ಮಣಿಗೆ ಮಸೀದಿಯಲ್ಲಿ ದುವಾ ಓದಿಸಿ ಊದಿಸಿಕೊಂಡು ಬಂದು, ಕಪ್ಪು ದಾರದಲ್ಲಿ ಅಮ್ಮಿಯ ಕತ್ತಿಗೆ ಕಟ್ಟಿದ್ದಾಳೆ. ನಾನು ಬೈಯುತ್ತೇನೆಂದು ಅಮ್ಮಿ ಅದನ್ನು ಸೆರಗಿನೊಳಗೇ ಮುಚ್ಚಿಕೊಂಡಿರುತ್ತಾಳೆ. ನರ್ಸು ಬಿಚ್ಚಿ ಅಂದಾಗ ನೀನು ಕೈಯಲ್ಲಿ ಹಿಡಿದು ನೋಡಿ, "ಇರ್ಲಿ ಬುಡಿ, ಇದೇನೂ ಮಾಡಕಿಲ್ಲ" ಅಂದೆಯಂತೆ. ಅಮ್ಮಿಯ ಪಾಲಿಗೆ ನೀನೀಗ ಮೂರನೆಯ ಮಗಳು. ನನಗೂ ಶಬ್ನಮ್‌ಗೂ ಹೊಟ್ಟೆಕಿಚ್ಚು.

ಗಡ್ಡೆಯೊಳಗೆ ಎಷ್ಟು ಬಿಸಿ ಬರುತ್ತಿದೆ? ಅಮ್ಮಿಗೆ ಹೇಳಬೇಕು, ದಿನಾ ಕೇಳುತ್ತಾಳೆ. ಡಬ್ಬಿಯ ಜೊತೆ ಒಸಿ ಬಿರಿಯಾನಿಯೂ ಇದೆ, ಬಿಸಿ ಮಾಡಿಕೊಂಡು ತಿನ್ನು.

ನಿನ್ನ
ನಿಖಾತ್

*

ಬಿಡದಿ
2 ಸೆಪ್ಟೆಂಬರ್ 2024

ಪ್ರೀತಿಯ ನಿಖಾತ್,

ಮಣಿಗಳು ತಲುಪಿದವು. ಚೆನ್ನಾಗಿವೆ. ಕೆಲಸ ಜಾಸ್ತಿ, ಬರೆಯಲು ಪುರಸೊತ್ತಾಗಲಿಲ್ಲ. ಇನ್ನು ಮೇಲೆ ಊಟ ಗೀಟ ಕಳಿಸಬೇಡ, ಇಲ್ಲಿ ನೋಡಿದವರು ಏನಾದರೂ ಅಂದುಕೊಳ್ಳುತ್ತಾರೆ. ಅಮ್ಮಿಗೆ ರೇಡಿಯೇಷನ್ ತಪ್ಪಿಸಬೇಡಿ.

ಶ್ವೇತ

*

ಚನ್ನಪಟ್ಟಣ
6 ಅಕ್ಟೋಬರ್ 2024

ಶ್ವೇತ,

ಮೊದಲು ನನಗಾದ ಹೆದರಿಕೆ ಹೇಳುತ್ತೇನೆ, ಆಮೇಲೆ ಉಳಿದದ್ದು.

ನಿಮ್ಮ ಚಿಕಿತ್ಸೆ ಮುಗಿದ ಮೇಲೆ ಗಡ್ಡೆ ಸ್ವಲ್ಪ ಇಳಿದಿತ್ತು. ಈಗ ಮತ್ತೆ ಏರಿದೆ. ನುಂಗಲು ಕಷ್ಟವಾಗುತ್ತಿದೆ. ನಿನ್ನೆ ಅಮ್ಮಿಗೆ ತಲೆಗೆ ನೀರು ಹಾಕುವಾಗ ಕತ್ತಿನ ಕಪ್ಪು ದಾರ ಕಳಚಿ ಬಚ್ಚಲಲ್ಲಿ ಬಿತ್ತು. ಎತ್ತಿಕೊಂಡು ನೋಡಿದರೆ ಮಣಿಯ ಮೇಲೆ ಕೆಂಪು ಉಂಗುರ.

ಶಬ್ನಮ್‌ಳನ್ನು ಕೂಗಿ ಕೇಳಿದೆ. ಖಾಲಿ ಮಣಿಗಳೆಲ್ಲ ಬೋಳಾಗಿದ್ದವಂತೆ, ಇದು ಚೆಂದ ಕಂಡಿತಂತೆ, ನನ್ನ ತಟ್ಟೆಯಿಂದ ಎತ್ತಿಕೊಂಡಳಂತೆ. ಒಳಗೇನಿದೆ ಎಂದು ಅವಳಿಗೆ ಗೊತ್ತಿಲ್ಲ. ನಾನು ಅವಳ ಕೆನ್ನೆಗೆ ಬಾರಿಸಿದೆ. ಆಮೇಲೆ ಅಮ್ಮಿಯ ಕತ್ತನ್ನು ಬೆಳಕಿಗೆ ಹಿಡಿದು ನೋಡಿದೆ. ಬೊಬ್ಬೆಯಿಲ್ಲ, ಕಲೆಯಿಲ್ಲ. ಅಲ್ಲಾಹ್ ಕಾಪಾಡಿದ ಎಂದು ಬಚ್ಚಲ ಕಟ್ಟೆಯ ಮೇಲೆ ಕೂತು ಅತ್ತೆ.

ಅಳು ನಿಂತ ಮೇಲೆ ಯೋಚನೆ ಶುರುವಾಯಿತು. ಕಾಪಾಡಿದ್ದು ಯಾಕೆ?

ಮಣಿಯನ್ನು ತಿರುಗಿಸಿ ನೋಡಿದೆ. ನಾನು ತುಂಬಿದ ಅರಗು ತುಂಬಿದ ಹಾಗೇ ಇದೆ, ಉಗುರಿನಷ್ಟೂ ಕದಲಿಲ್ಲ. ಬಾಯಿ ಕೊರೆದು ಕಪ್ಪು ನೀರನ್ನು ತಟ್ಟೆಗೆ ಸುರಿದು, ನೀನು ಬಿಟ್ಟುಹೋದ ಅಯಸ್ಕಾಂತ ಹಿಡಿದೆ. ಎದ್ದು ನಿಂತಿತು, ಮೊದಲಿನ ಹಾಗೆಯೇ. ಈ ಮಣಿ ಪ್ರತಿ ಸಲವೂ ಅಮ್ಮಿಯ ಜೊತೆ ನಿನ್ನ ಯಂತ್ರದೊಳಗೆ, ಆ ಸುರುಳಿಯ ನಡುವೆಯೇ ಇತ್ತು. ಬೆಳಿಗ್ಗೆ ಒಂದೇ ಸಲಕ್ಕೆ ಕರಗುವ ಅರಗು ಇಷ್ಟು ದಿನದಲ್ಲಿ ಯಾಕೆ ಕರಗಲಿಲ್ಲ?

ಇನ್ನೊಂದು ಪ್ರಶ್ನೆ. ನರ್ಸು ಬಿಚ್ಚಿ ಅಂದಾಗ ನೀನು ಅದನ್ನು ಕೈಯಲ್ಲಿ ಹಿಡಿದು ನೋಡಿದ್ದೆ. ಕೆಂಪು ಉಂಗುರಕ್ಕಾಗಿ ನನ್ನ ಪ್ರಾಣ ತಿಂದವಳು ನೀನು. ಬೊಬ್ಬೆ ಬರುತ್ತದೆ ಎಂದು ಬರೆದವಳೂ ನೀನೇ. ಅದು ಏನೆಂದು ನಿನಗೆ ಗೊತ್ತಾಗಲಿಲ್ಲ ಅಂತ ಮಾತ್ರ ಹೇಳಬೇಡ. ಇದೇನೂ ಮಾಡುವುದಿಲ್ಲ ಎಂದು ಅಷ್ಟು ಧೈರ್ಯವಾಗಿ ಹೇಗೆ ಹೇಳಿದೆ?

ನಿಖಾತ್

*

ಬಿಡದಿ
11 ಅಕ್ಟೋಬರ್ 2024

ನಿಖಾತ್,

ನೀನು ಫೋನಿನಲ್ಲಿ ನನ್ನ ನಂಬರ್ ಬ್ಲಾಕ್ ಮಾಡಿದ್ದೀಯ. ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನ ಊಹೆ ಸರಿ. ಅಮ್ಮಿಯ ಸರದಿಯಲ್ಲಿ ಸುರುಳಿಗೆ ಕರೆಂಟು ಬಿಟ್ಟೇ ಇರಲಿಲ್ಲ, ಅದಕ್ಕೇ ಮಣಿ ಏನೂ ಮಾಡುವುದಿಲ್ಲ ಅಂದೆ. ಕೇಳಿಸುತ್ತಿದ್ದುದು ಯಂತ್ರವನ್ನು ತಣ್ಣಗಿಡುವ ಪಂಪಿನ ಸದ್ದು ಮಾತ್ರ.

ಇದು ಇನ್ನೂ ಪರೀಕ್ಷೆಯಲ್ಲಿರುವ ಚಿಕಿತ್ಸೆ. ಬಂದವರಲ್ಲಿ ಅರ್ಧ ಜನಕ್ಕೆ ಬಿಸಿ ಕೊಡುತ್ತೇವೆ, ಇನ್ನರ್ಧ ಜನಕ್ಕೆ ಕೊಟ್ಟ ಹಾಗೆ ಮಾಡುತ್ತೇವೆ. ಯಾರು ಯಾವ ಕಡೆ ಅನ್ನುವುದು ಚೀಟಿ ಎತ್ತಿದ ಹಾಗೆ ಕಂಪ್ಯೂಟರ್ ಹೇಳುತ್ತದೆ. ರೋಗಿಗೂ ಗೊತ್ತಿರುವುದಿಲ್ಲ, ಡಾಕ್ಟರಿಗೂ ಗೊತ್ತಿರುವುದಿಲ್ಲ. ಯಂತ್ರ ನಡೆಸುವ ನನಗೆ ಮಾತ್ರ ಗೊತ್ತು. ಹಾಗೆ ಮಾಡದಿದ್ದರೆ ಬಿಸಿಯಿಂದ ಗುಣವಾಯಿತೋ ರೇಡಿಯೇಷನ್ನಿನಿಂದ ಗುಣವಾಯಿತೋ ಯಾರೂ ಹೇಳಲಾಗುವುದಿಲ್ಲ. ಇದು ಮೋಸವಲ್ಲ ನಿಖಾತ್, ಎಲ್ಲ ಕಡೆಯೂ ಔಷಧಿಗಳು ಹೀಗೇ ಬರುವುದು. ಸೇರುವವರಿಗೆ ಮೊದಲೇ ಹೇಳಿ ಒಪ್ಪಿಸಬೇಕು ಅನ್ನುವುದೂ ನಿಯಮ. ನಾನು ಅಮ್ಮಿಗೆ ಅದನ್ನು ಹೇಳಲಿಲ್ಲ. ಹೇಳುವ ಕೆಲಸ ನಾನೇ ವಹಿಸಿಕೊಂಡಿದ್ದೆ, ಅವರು ನಮ್ಮ ಮನೆಯವರಿದ್ದ ಹಾಗೆ, ನಾನೇ ಹೇಳುತ್ತೇನೆ ಎಂದು ಡಾಕ್ಟರಿಗೆ ಅಂದಿದ್ದೆ.

ಅವತ್ತು ಮೆಟ್ಟಿಲ ಮೇಲೆ ಅಮ್ಮಿ ಹಾಗೆ ಕೇಳಿದಾಗ ಇಲ್ಲ ಅನ್ನಲು ಬಾಯಿ ಬರಲಿಲ್ಲ. ಇಲ್ಲ ಅಂದರೆ ಬರುವುದಿಲ್ಲ ಅಂದುಕೊಂಡೆ. ಜನ ಸಾಲದೆ ಈ ಪರೀಕ್ಷೆಯೇ ನಿಂತುಹೋಗುವ ಹಾಗಿತ್ತು, ನಿಂತರೆ ನನ್ನ ಕೆಲಸವೂ ಇರುತ್ತಿರಲಿಲ್ಲ. ಆದರೆ ಅಮ್ಮಿಗೆ ಬಿಸಿಯ ಕಡೆಯೇ ಬೀಳುತ್ತದೆ ಎಂದು ನಾನು ನಿಜವಾಗಿ ನಂಬಿದ್ದೆ. ಮೊದಲ ದಿನ ಪರದೆಯ ಮೇಲೆ ನೋಡಿದರೆ ಅಮ್ಮಿ ಬಿಸಿಯಿಲ್ಲದ ಕಡೆ ಬಿದ್ದಿದ್ದಳು. ಗುಂಡಿ ಒತ್ತಿಬಿಡಲೇ ಅಂದುಕೊಂಡೆ. ಒತ್ತಿದರೆ ಇಡೀ ಪರೀಕ್ಷೆ ಕೆಡುತ್ತದೆ, ನಾಳೆ ಇದೇ ಚಿಕಿತ್ಸೆಗೆ ಕಾಯುವ ಎಷ್ಟೋ ಅಮ್ಮಂದಿರಿದ್ದಾರೆ. ಅಮ್ಮಿಯ ಹಣೆಯ ಮೇಲೆ ಕೈ ಇಟ್ಟೆ. ಅಷ್ಟೇ ಮಾಡಲಾದದ್ದು.

ನನ್ನನ್ನು ಬೈಯುವುದು ಆಮೇಲಿರಲಿ. ಅಮ್ಮಿಯನ್ನು ನಾಳೆಯೇ ಆಪರೇಷನ್ನಿಗೆ ಕರೆದುಕೊಂಡು ಹೋಗು.

ಶ್ವೇತ

*

ಚನ್ನಪಟ್ಟಣ
23 ಅಕ್ಟೋಬರ್ 2024

ಶ್ವೇತ ಅವರಿಗೆ,

ಇನ್ನು ನಿಮ್ಮನ್ನು ಬಹುವಚನದಲ್ಲೇ ಕರೆಯುತ್ತೇನೆ. ಆಸ್ಪತ್ರೆಯವರನ್ನು ಹಾಗೆ ಕರೆಯುವುದೇ ಸರಿ.

ಚೀಟಿಯ ವಿಷಯಕ್ಕೆ ನನ್ನ ಜಗಳವಿಲ್ಲ. ಚೀಟಿ ಎತ್ತಿದರೆ ಅರ್ಧ ಜನಕ್ಕೆ ಬರುವುದಿಲ್ಲ, ಅಷ್ಟು ನನಗೂ ಅರ್ಥವಾಗುತ್ತದೆ. ಮೊದಲ ದಿನವೇ ಪರದೆಯ ಮೇಲೆ ನೋಡಿದಿರಲ್ಲ, ಅವತ್ತು ಸಂಜೆ ಒಂದು ಮಾತು ಹೇಳಬಹುದಿತ್ತು. ನಿಖಾತ್, ಇಲ್ಲಿ ಬೇಡ, ಅಮ್ಮಿಯನ್ನು ಆಪರೇಷನ್ನಿಗೆ ಕರೆದುಕೊಂಡು ಹೋಗು. ಅಷ್ಟಕ್ಕೆ ನಾನು ಯಾಕೆ ಏನು ಎಂದು ಕೇಳುತ್ತಲೂ ಇರಲಿಲ್ಲ, ಹೇಳಿದವರು ನೀವು ಅನ್ನುವುದೇ ಸಾಕಾಗಿತ್ತು. ಅದು ಬಿಟ್ಟು ನಮ್ಮ ಮನೆಯ ಬಿರಿಯಾನಿ ತಿಂದಿರಿ. ನಾನು ದಿನಾ ಲೇತಿನ ಮುಂದೆ ಕೂತು ನಿಮ್ಮ ಯಂತ್ರಕ್ಕೆ ಮಣಿ ಕಡೆಯುತ್ತಿದ್ದೆ. ಆ ಮಣಿಗಳಿಗೆಲ್ಲ ಬಿಸಿ ಸಿಕ್ಕಿತು, ನಮ್ಮ ಅಮ್ಮಿಗೆ ಸಿಗಲಿಲ್ಲ.

ಆದರೆ ಕಾಗದ ಬರೆದದ್ದು ಬೈಯಲಿಕ್ಕಲ್ಲ, ಕೆಲಸವಿದೆ.

ಅಮ್ಮಿ ಆಪರೇಷನ್ನಿಗೆ ಒಪ್ಪುತ್ತಿಲ್ಲ. "ಬಿಸಿ ಕೊಟ್ಟವ್ರೆ, ಒಳಗೇ ಬೇಯ್ತಾ ಐತೆ, ಟೈಮು ಹಿಡೀತದೆ, ಮ್ಯಾಲೆ ಊತ ಬಂದೇ ಬತ್ತದೆ" ಅನ್ನುತ್ತಾಳೆ. ದೊಡ್ಡಾಸ್ಪತ್ರೆಯವರು ಇನ್ನು ತಡ ಮಾಡಿದರೆ ಕೈ ಹಾಕಲಾಗುವುದಿಲ್ಲ ಎಂದಿದ್ದಾರೆ. ಕೊನೆಗೆ ನಾನು ನಿಜ ಹೇಳಿದೆ. ನಿನಗೆ ಬಿಸಿ ಕೊಟ್ಟೇ ಇಲ್ಲ ಅಮ್ಮಿ ಎಂದೆ. ಅವಳು ನನ್ನ ಮುಖ ನೋಡಿ ಏನಂದಳು ಗೊತ್ತಾ? "ನಿಂಗೂ ಅವ್ಳಿಗೂ ಏನೋ ಜಗಳ ಆಗೈತೆ, ಅದ್ಕೆ ಹಿಂಗೆ ಹೇಳ್ತಾ ಇದ್ದೀಯ. ಶ್ವೇತ ಸುಳ್ಳು ಹೇಳೋ ಹುಡುಗಿ ಅಲ್ಲ." ಹೆತ್ತ ತಾಯಿ ನನ್ನ ಮಾತಿಗಿಂತ ನಿಮ್ಮ ಮಾತನ್ನು ನಂಬಿದಳು.

ನೀವು ಬರಬೇಕು. ಅದೇ ಮೆಟ್ಟಿಲ ಮೇಲೆ ಕೂತು ನಿಮ್ಮ ಬಾಯಿಂದಲೇ ಹೇಳಬೇಕು. ನನಗಾಗಿ ಬೇಡ.

ನಿಖಾತ್

*

ಬಿಡದಿ
26 ಅಕ್ಟೋಬರ್ 2024

ನಿಖಾತ್,

ಬರುವ ಬುಧವಾರ ಬರುತ್ತೇನೆ. ಪರೀಕ್ಷೆ ಮುಗಿಯುವವರೆಗೆ ಯಾರು ಯಾವ ಕಡೆ ಎಂದು ಬಾಯಿಬಿಟ್ಟರೆ ನನ್ನನ್ನು ತೆಗೆದುಹಾಕುತ್ತಾರೆ. ನಿನಗೆ ಬರೆದದ್ದೇ ತಪ್ಪು. ಅಮ್ಮಿಯನ್ನು ಆಪರೇಷನ್ನಿಗೆ ಒಪ್ಪಿಸುವುದು ನನ್ನ ಜವಾಬ್ದಾರಿ. ನಾನು ಏನೇ ಹೇಳಿದರೂ ನೀನು ನಡುವೆ ಬಾಯಿ ಹಾಕಬೇಡ, ಇಷ್ಟು ನಡೆಸಿಕೊಡು.

ಶ್ವೇತ

*

ಚನ್ನಪಟ್ಟಣ
19 ಜನವರಿ 2025

ಶ್ವೇತ,

ಬಹುವಚನ ಸಾಕಾಯಿತು. ದೂರದವರ ಮೇಲೆ ಇಷ್ಟು ಸಿಟ್ಟು ಬರುವುದಿಲ್ಲ.

ಅಮ್ಮಿ ಬದುಕಿದ್ದಾಳೆ. ಆಪರೇಷನ್ ಆಯಿತು. ತಡವಾದ್ದರಿಂದ ಗಡ್ಡೆ ಭುಜದ ನರಕ್ಕೂ ಗಂಟಲಿನ ನರಕ್ಕೂ ಹಬ್ಬಿತ್ತಂತೆ, ಜುಲೈಯಲ್ಲೇ ಬಂದಿದ್ದರೆ ಗಂಟಲಾದರೂ ಉಳಿಯುತ್ತಿತ್ತು ಅಂದರು. ಬಲಗೈ ಮೇಲೇಳುವುದಿಲ್ಲ. ದನಿ ಹೋಗಿದೆ, ಹತ್ತಿರ ಹೋಗಿ ಕಿವಿ ಕೊಟ್ಟರೆ ಉಸಿರಿನಷ್ಟು ಕೇಳಿಸುತ್ತದೆ. ಈಗ ಗಂಜಿ ಇಳಿಯುತ್ತಿದೆ.

ಅಂದು ನೀನು ಬಂದು ಏನು ಹೇಳಿದೆ ಎಂದು ನನಗೆ ದಿನಾ ನೆನಪಾಗುತ್ತದೆ. ನಿಜ ಹೇಳುತ್ತೀಯ ಎಂದು ನಾನು ಬಾಗಿಲಲ್ಲಿ ನಿಂತಿದ್ದೆ. ನೀನು ಅಮ್ಮಿಯ ಕೈ ಹಿಡಿದುಕೊಂಡು, "ಅಮ್ಮಿ, ಬಿಸಿ ತಾಗಿ ಗಡ್ಡೆ ಸಡಿಲ ಆಗೈತೆ. ಈಗ್ಲೇ ತೆಗೆಸ್ಬುಟ್ರೆ ಸಲೀಸಾಗಿ ಬತ್ತದೆ" ಅಂದೆ. ಅಮ್ಮಿ ನನ್ನ ಕಡೆ ನೋಡಿದಳು. ನೀನೂ ನೋಡಿದೆ, "ಅಲ್ವೇನೇ ನಿಖಾತ್?" ಅಂದೆ. ನಾನು ಹೂಂ ಅಂದೆ. ಅವಳು ಒಪ್ಪಿದಳು. ಜೀವ ಉಳಿಯಿತು, ಅದಕ್ಕೆ ನಿನಗೆ ಋಣಿಯಾಗಿರಬೇಕೇನೋ. ನನ್ನ ಕೈಲಾಗುವುದಿಲ್ಲ. ನೀನು ಮೆಟ್ಟಿಲ ಮೇಲೆ ಹೇಳಿದ್ದ ಆ ಹೂಂ ಅನ್ನೇ ನನ್ನ ಬಾಯಿಂದಲೂ ಹೇಳಿಸಿದೆ.

ಮನೆಗೆ ಬಂದಮೇಲೆ ಅಮ್ಮಿ ಆ ಉಸಿರಿನ ದನಿಯಲ್ಲೇ ಬಂದವರಿಗೆಲ್ಲ ನಿನ್ನ ಗುಣಗಾನ ಮಾಡುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ಅವಳ ಮಾತನ್ನು ಜೋರಾಗಿ ಹೇಳಿ ಕೇಳಿಸಬೇಕಾಗಿತ್ತು. ನಿನ್ನನ್ನು ಹೊಗಳುವುದೂ ನನ್ನ ಪಾಲಿಗೇ ಬಂತು.

ಮೊನ್ನೆ ಪಕ್ಕದ ಬೀದಿಯ ಖಲಂದರ್ ಚಾಚಾ ಬಂದರು. ರೇಷ್ಮೆ ನೂಲು ತೆಗೆಯುವವರು, ನೀನು ಅವರನ್ನು ನೋಡಿದ್ದೀಯ. ಅವರ ಹೆಂಡತಿಗೂ ಕತ್ತಿನಲ್ಲಿ ಗಡ್ಡೆ. ಅಮ್ಮಿ ಹೇಳಿದ್ದನ್ನು ಕೇಳಿ ನಿಮ್ಮಲ್ಲಿಗೇ ಕರೆದುಕೊಂಡು ಹೋಗಬೇಕೆಂದು ಹೊರಟಿದ್ದರು. ಮೆಟ್ಟಿಲ ಮೇಲೆ ಕೂತು ನನ್ನನ್ನು ಕೇಳಿದರು: "ಆ ಬಿಸಿ ಎಲ್ಲಾರ್ಗೂ ಕೊಡ್ತಾರಾ ಬೇಟಿ?"

ಅಮ್ಮಿ ಒಳಗೆ ಬಾಗಿಲ ಪಕ್ಕದಲ್ಲೇ ಮಲಗಿದ್ದಳು. ದನಿ ಹೋಗಿದೆ, ಕಿವಿ ಚೆನ್ನಾಗಿದೆ. ಇನ್ನೊಂದು ಸಲ ಹೂಂ ಅನ್ನಲು ನನ್ನಿಂದ ಆಗಲಿಲ್ಲ. "ಇಲ್ಲ ಚಾಚಾ. ಅರ್ಧ ಜನಕ್ಕೆ ಕೊಡ್ತಾರೆ, ಅರ್ಧ ಜನಕ್ಕೆ ಕೊಟ್ಟಂಗೆ ಮಾಡ್ತಾರೆ. ಯಾರ್ಗೆ ಯಾವ್ದು ಅಂತ ಚೀಟಿ ಎತ್ತೋದು. ನಮ್ಮಮ್ಮಿಗೆ ಬರ್ಲಿಲ್ಲ" ಎಂದೆ. ಯಾಕೆ ಹಾಗೆ ಮಾಡುತ್ತಾರೆ ಎಂದು ಕೇಳಿದರು. ನೀನು ನನಗೆ ಬರೆದದ್ದನ್ನೇ, ನೀನು ಬರೆದ ಹಾಗೇ ಹೇಳಿದೆ.

ಚಾಚಾ ಗಡ್ಡ ನೀವಿಕೊಂಡರು. ಆಮೇಲೆ, "ಮೊದ್ಲೇ ಹೇಳಿ ಮಾಡಿದ್ರೆ ತಪ್ಪೇನೈತೆ? ಯಾರಾರ ಒಬ್ರು ಆ ಕಡೆ ಇರ್ಲೇಬೇಕಲ್ಲ. ನಮ್ಮವಳನ್ನ ಕೇಳ್ತೀನಿ, ಅವ್ಳು ಹೂಂ ಅಂದ್ರೆ ಕರ್ಕೊಂಡು ಹೋಗ್ತೀನಿ" ಎಂದು ಎದ್ದು ಹೋದರು.

ಕೇಳಿಸಿತಾ ಶ್ವೇತ? ಇಷ್ಟೇ ಇದ್ದದ್ದು. ಬೇರೆಯವರ ಪಾಲು ಬೇಡ ಅಂದ ಹೆಂಗಸು ನಮ್ಮ ಅಮ್ಮಿ. ನೀನು ಹೇಳಿ ಕೇಳಿದ್ದರೆ ಅವಳೂ ಇದೇ ಮಾತು ಹೇಳುತ್ತಿದ್ದಳೇನೋ. ತಿಳಿದೇ ಹೋಗಿದ್ದರೆ ನಾನು ಈ ಕಾಗದ ಬರೆಯುತ್ತಲೇ ಇರಲಿಲ್ಲ. ಅವಳನ್ನು ಕೇಳಬೇಕು ಅನ್ನುವುದೇ ನಿನಗೆ ಹೊಳೆಯಲಿಲ್ಲ.

ನಾನು ಒಳಗೆ ಹೋದಾಗ ಅಮ್ಮಿ ಎಚ್ಚರವಾಗಿದ್ದಳು. ಕಿವಿಯನ್ನು ಅವಳ ಬಾಯಿಯ ಹತ್ತಿರ ಇಟ್ಟೆ.

"ಶ್ವೇತಂಗೆ ಗೊತ್ತಿತ್ತಾ?" ಎಂದು ಕೇಳಿದಳು.

ಹೂಂ ಅಂದೆ. ಈ ಸಲದ್ದು ನಿಜದ ಹೂಂ.

ಅವಳು ಅಳಲಿಲ್ಲ. ಆಮೇಲೆ ಎಡಗೈಯಿಂದ ಕತ್ತು ತಡವಿಕೊಂಡು ತನ್ನ ಹಳೆಯ ತಗಡಿನ ತಾಯಿತ ಕೇಳಿದಳು. ಶಬ್ನಮ್ ತಂದು ಕಟ್ಟಿದಳು. ಮುಳ್ಳುಹಂದಿ ಎದ್ದಿದ್ದ ಆ ತಟ್ಟೆ ಬೇರೆ ತಟ್ಟೆಗಳ ಜೊತೆ ಸೇರಿದೆ, ಬೆಳಿಗ್ಗೆ ಅದರಲ್ಲೇ ಗಂಜಿ ಕುಡಿದಳು.

ನಿನ್ನ ಹೆಸರನ್ನು ಅವಳು ಆಮೇಲೆ ಎತ್ತಿಲ್ಲ.

ನಿಖಾತ್